ಪ್ಲಾಟಿನಮ್ ಮೇಡಂ ಲೋಹ ಬದಲಿಸಿದ್ದು

ಚಿಕ್ಕಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಹೊಲಿಗೆ ಯಂತ್ರದ ಮುಂದೆ ಕೂತದ್ದು. ಮೈಯಲ್ಲಿ ಮೂಳೆ ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ, ತಲೆಯ ಮೇಲೆ ಒಂದೆಳೆ ಕೂದಲಿರಲಿಲ್ಲ. ಆದರೂ ಶಾಲೆಯ ಸಮವಸ್ತ್ರದ ಬಟ್ಟೆ ಕತ್ತರಿಸಿಟ್ಟದ್ದು ಹಾಗೇ ಬಿದ್ದಿದೆಯಲ್ಲ ಎಂಬ ಚಿಂತೆ ಅವಳಿಗೆ. ಪೆಡಲು ತುಳಿದು, ನಾಲ್ಕು ಅಂಗುಲ ಹೊಲಿದು, ತಲೆಯೆತ್ತಿ ಕೇಳಿದಳು.

"ಯಾರೇ ಇದಕ್ಕೆ ಇಷ್ಟೊಂದು ಎಣ್ಣೆ ಬಿಟ್ಟಿದ್ದು? ಸದ್ದೇ ಇಲ್ವಲ್ಲ!"

ಯಂತ್ರಕ್ಕೆ ಯಾರೂ ಎಣ್ಣೆ ಬಿಟ್ಟಿರಲಿಲ್ಲ. ಸೂಜಿ ಎಂದಿನಂತೆ ಚಟಚಟ ಎನ್ನುತ್ತಲೇ ಇತ್ತು. ಬಾಗಿಲಿಗೆ ಒರಗಿ ನಿಂತಿದ್ದ ಪುಟ್ಟಿ ಹತ್ತಿರ ಬಂದಳು. ಅವಳು ಆಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಹೆತ್ತ ತಾಯಿಯ ಮುಖ ಅವಳಿಗೆ ನೆನಪಿಲ್ಲ; ಜಡೆ ಹಾಕಿದವಳು, ಬೈದವಳು, ಫೀಸು ಕಟ್ಟಿದವಳು ಎಲ್ಲ ಈ ಚಿಕ್ಕಮ್ಮನೇ. "ಯಾರೂ ಬಿಟ್ಟಿಲ್ಲ ಚಿಕ್ಕಮ್ಮ," ಎಂದಳು. ಚಿಕ್ಕಮ್ಮ "ಹ್ಞಾಂ?" ಎಂದಳು. ಪುಟ್ಟಿ ಮತ್ತೆ ಹೇಳಿದಳು, ಇನ್ನೂ ಜೋರಾಗಿ ಹೇಳಿದಳು. ಚಿಕ್ಕಮ್ಮ ಅವಳ ತುಟಿಗಳನ್ನೇ ನೋಡುತ್ತಾ ನಕ್ಕು, "ನಿನ್ನ ಗಂಟಲಿಗೆ ಏನಾಗಿದೆಯೇ?" ಎಂದಳು.

ದಿನ ಕಳೆದಂತೆ ಗೊತ್ತಾಯಿತು, ಹೋಗಿದ್ದು ಎಲ್ಲ ಸದ್ದೂ ಅಲ್ಲ, ಮೇಲಿನ ಸ್ಥಾಯಿಯ ಸದ್ದುಗಳು. ಬಾಗಿಲ ಗಂಟೆ ಹೋಯಿತು, ಹಕ್ಕಿ ಹೋಯಿತು, ಕೆಟಲಿನ ಶಿಳ್ಳೆ ಹೋಯಿತು, ಮಕ್ಕಳ ಮಾತು, ಹೆಂಗಸರ ಮಾತು ಹೋಯಿತು. ಗಂಡಸರ ದಪ್ಪ ದನಿ ಮಾತ್ರ ಸ್ವಲ್ಪ ಕೇಳುತ್ತಿತ್ತು. ಪುಟ್ಟಿಯದು ಚಿಕ್ಕಂದಿನಿಂದಲೂ ಕೀಚು ದನಿ. ಹಾಗಾಗಿ ಚಿಕ್ಕಮ್ಮನಿಗೆ ಲೋಕದಲ್ಲಿ ಎಲ್ಲರಿಗಿಂತ ಮೊದಲು ಕೇಳದೆ ಹೋದದ್ದು ಸಾಕಿದ ಮಗಳ ಮಾತೇ.

ಪುಟ್ಟಿ ಆಸ್ಪತ್ರೆಗೆ ಹೋಗಿ ವೈದ್ಯರ ಕೋಣೆಯ ಮುಂದೆ ಕಾದು ನಿಂತಳು. ಅವರು ಹೊರಗೆ ಬಂದ ಕೂಡಲೇ ಅಡ್ಡಗಟ್ಟಿ ಕೇಳಿದಳು.

"ಸರ್, ನಮ್ಮ ಚಿಕ್ಕಮ್ಮಂಗೆ ಹಾಕಿದ್ರಲ್ಲ, ಆ ಹಳದಿ ಪುಡಿಯ ಔಷಧಿ. ಅದರಲ್ಲಿ ಏನಿದೆ?"

"ಪ್ಲಾಟಿನಮ್ಮು."

"ಪ್ಲಾಟಿನಮ್ಮಾ? ಉಂಗುರ ಮಾಡ್ತಾರಲ್ಲ, ಅದಾ?"

"ಅದೇ. ಅದು ಕ್ಯಾನ್ಸರ್ ಗೆಡ್ಡೆಯನ್ನ ಕೊಲ್ಲುತ್ತೆ. ಜೊತೆಗೆ ಮೂತ್ರಪಿಂಡಕ್ಕೆ, ಕಿವಿಗೆ ಸ್ವಲ್ಪ ಏಟು ಬೀಳುತ್ತೆ." ವೈದ್ಯರು ಕೈಗಡಿಯಾರ ನೋಡಿಕೊಂಡರು. "ಜೀವ ಉಳೀತಲ್ಲಮ್ಮ. ಕಿವಿ ಹೋದ್ರೆ ಹೋಗಲಿ."

ಅವರು ಕೆಟ್ಟ ಮನುಷ್ಯರಲ್ಲ, ಹೇಳಿದ್ದು ಸುಳ್ಳೂ ಅಲ್ಲ. ಆದರೆ "ಹೋದ್ರೆ ಹೋಗಲಿ" ಎಂಬ ಮಾತು ಪುಟ್ಟಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗಾಯಿತು. ಜೀವವೂ ಉಳಿಯಬೇಕು, ಕಿವಿಯೂ ಉಳಿಯಬೇಕು; ಎರಡೂ ಯಾಕಾಗಬಾರದು? ಲೆಕ್ಕಪತ್ರ ಓದಿ ಯಾವುದಾದರೂ ಕಚೇರಿ ಸೇರುತ್ತೇನೆ ಎಂದುಕೊಂಡಿದ್ದವಳು ಮರುವರ್ಷ ರಸಾಯನಶಾಸ್ತ್ರ ಹಿಡಿದಳು. ಯಾಕೆಂದು ಕೇಳಿದವರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು.

ಮುಂದಿನದು ದೀರ್ಘವಾದ ದಾರಿ. ಪದವಿ, ಅದರ ಮೇಲೊಂದು ಪದವಿ, ಬೇರೊಬ್ಬರ ಲ್ಯಾಬಿನಲ್ಲಿ ಗಾಜು ತೊಳೆದ ವರ್ಷಗಳು, ಕೊನೆಗೆ ವಿಶ್ವವಿದ್ಯಾಲಯದಲ್ಲಿ ಕೆಲಸ, ಮೂರನೇ ಮಹಡಿಯಲ್ಲಿ ತನ್ನದೇ ಎಂಬ ಒಂದು ಲ್ಯಾಬು. ನಡುವೆ ಮದುವೆಯೂ ಆಯಿತು. ಗಂಡ ಕೃತಕ ಹಲ್ಲು ಕಟ್ಟುವ ಕೆಲಸದವನು. ಎರಡು ಮೇಜು, ಒಂದು ಕುಲುಮೆಯ ಅಂಗಡಿಯಲ್ಲಿ ಕೂತು ದಂತವೈದ್ಯರು ಕಳಿಸಿದ ಅಚ್ಚಿಗೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಅವನ ದನಿ ಬಾವಿಯೊಳಗಿಂದ ಬಂದ ಹಾಗೆ ಗಂಭೀರ. ಹೆಣ್ಣು ನೋಡಲು ಬಂದ ದಿನ ಅವನು ಬಾಯಿಬಿಟ್ಟ ಕೂಡಲೇ ಚಿಕ್ಕಮ್ಮನ ಮುಖ ಅರಳಿತು. "ಇವರ ಮಾತು ನನಗೆ ಕೇಳುತ್ತೆ ಕಣೇ! ಇವರನ್ನೇ ಮಾಡ್ಕೋ," ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಪುಟ್ಟಿ ಚಿಕ್ಕಮ್ಮನಿಗೆ ಹೇಳಬೇಕಾದದ್ದನ್ನು ಗಂಡನಿಗೆ ಹೇಳುವುದು, ಗಂಡ ಅದನ್ನು ತನ್ನ ದಪ್ಪ ದನಿಯಲ್ಲಿ ಅತ್ತೆಗೆ ದಾಟಿಸುವುದು ರೂಢಿಯಾಯಿತು. ಅವನು ದಾಟಿಸುವಾಗ ಒಂದಿಷ್ಟು ಸೇರಿಸುತ್ತಿದ್ದ. "ಅತ್ತೆ, ಉಪ್ಪು ಜಾಸ್ತಿ ಆಗಿದೆಯಂತೆ, ನಿಮಗೆ ವಯಸ್ಸಾಯ್ತಂತೆ." "ಅಷ್ಟು ಉದ್ದ ಅವಳು ಬಾಯಿ ಆಡಿಸಲಿಲ್ಲ ಅಳಿಯಂದಿರೇ," ಎಂದು ಚಿಕ್ಕಮ್ಮ ಕಣ್ಣು ಕಿರಿದು ಮಾಡುತ್ತಿದ್ದಳು.

ಲ್ಯಾಬಿನಲ್ಲಿ ಪುಟ್ಟಿ ಪ್ಲಾಟಿನಮ್ ಮೇಡಂ ಆದಳು. ಹೆಸರಿಟ್ಟವರು ವಿದ್ಯಾರ್ಥಿಗಳು. ಹೆಸರಿಗೆ ತಕ್ಕ ಹಾಗೆ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಆ ಔಷಧಿಯಲ್ಲಿ ಪ್ಲಾಟಿನಮ್ ಪರಮಾಣು ನಡುವೆ ಕೂತು ನಾಲ್ಕು ಕೈ ಚಾಚಿರುತ್ತದೆ. ಎರಡು ಕೈಗಳಲ್ಲಿ ಹಿಡಿದದ್ದನ್ನು ಜೀವಕೋಶದೊಳಗೆ ಹೋದ ಮೇಲೆ ಬಿಟ್ಟು, ಆ ಖಾಲಿ ಕೈಗಳಿಂದ ಗೆಡ್ಡೆಯ ಕೋಶದ ಡಿಎನ್‌ಎ ಎಂಬ ಜೀವತಂತುವನ್ನು ಹಿಡಿದುಕೊಂಡುಬಿಡುತ್ತದೆ, ಕೋಶ ಸಾಯುತ್ತದೆ. ತೊಂದರೆಯೆಂದರೆ ಅದು ಕಿವಿಯೊಳಗಿನ ಸಣ್ಣ ಕೋಶಗಳನ್ನೂ ಬಿಡುವುದಿಲ್ಲ. ಕೈಯಲ್ಲಿ ಹಿಡಿದದ್ದನ್ನು ಬದಲಿಸಿದರೆ? ಮೇಡಂ ಬದಲಿಸಿದಳು. ವರ್ಷಗಟ್ಟಲೆ ಬದಲಿಸಿದಳು. ಕೆಲವು ಸಂಯುಕ್ತಗಳು ನೀರಲ್ಲಿ ಕರಗಲಿಲ್ಲ, ಕೆಲವು ಕರಗಿ ಅರ್ಧ ದಿನದಲ್ಲಿ ಕಪ್ಪು ಗಸಿಯಾಗಿ ತಳ ಹಿಡಿದವು, ಕೆಲವು ಗೆಡ್ಡೆಯನ್ನು ಮುಟ್ಟಲೇ ಇಲ್ಲ.

ಪ್ಲಾಟಿನಮ್ ಬಿಟ್ಟಿ ಸಿಗುವ ಲೋಹವಲ್ಲ. ಹಾಗಾಗಿ ಕೆಟ್ಟುಹೋದ ಪ್ರಯೋಗದ ಒಂದು ತೊಟ್ಟನ್ನೂ ಅವಳು ಚೆಲ್ಲುತ್ತಿರಲಿಲ್ಲ. ಗಸಿಯನ್ನೆಲ್ಲ ದೊಡ್ಡ ಬಾಟಲಿಗಳಲ್ಲಿ ಕೂಡಿಟ್ಟು, ರಜೆಯಲ್ಲಿ ಅದನ್ನು ಉರಿ ಆಮ್ಲದಲ್ಲಿ ಕುದಿಸಿ, ಇಂಗಿಸಿ, ಮತ್ತೆ ಕೆಂಪು ಲವಣ ಮಾಡಿಕೊಳ್ಳುತ್ತಿದ್ದಳು. ಆ ಕೆಂಪು ಲವಣವೇ ಎಲ್ಲ ಪ್ರಯೋಗಗಳ ಮೂಲ. ಗಾಜಿನ ಬಟ್ಟಲಿಗೆ ಅಂಟಿಕೊಂಡದ್ದನ್ನು ಚಮಚದಿಂದ ಕೆರೆದು ಕೆರೆದು ತೆಗೆಯುವಾಗ ಮಸಾಲೆ ಪುಡಿಯ ಹಾಗೆ ಸಣ್ಣ ಧೂಳು ಏಳುತ್ತಿತ್ತು. ಹೊಗೆ ಎಳೆಯಲೆಂದು ಇದ್ದ ಗಾಜಿನ ಗೂಡಿನ ಫ್ಯಾನು ಮುದುಕನ ಹಾಗೆ ಕೆಮ್ಮುತ್ತಾ ತಿರುಗುತ್ತಿತ್ತು. ದುರಸ್ತಿಗೆ ಅರ್ಜಿ ಕೊಟ್ಟಿದ್ದಳು. ಅರ್ಜಿ ಎಲ್ಲೋ ಕೂತಿತ್ತು.

ಮೊದಲು ಬಂದದ್ದು ನೆಗಡಿ. ಮೂಗು ಸೋರುವುದು, ಕಣ್ಣು ಉರಿಯುವುದು, ಒಂದರ ಹಿಂದೊಂದು ಸೀನು. ಆಮೇಲೆ ಮುಂಗೈಯಲ್ಲಿ ದದ್ದು. ರಾತ್ರಿ ಎದೆಯೊಳಗೆ ಹಳೆಯ ಬಾಗಿಲು ತೆರೆದ ಹಾಗೆ ಕಿರ್ ಎನ್ನುವ ಸದ್ದು. ಹವೆ ಸರಿಯಿಲ್ಲ ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಆದರೆ ಗಂಡನ ಕಣ್ಣಿಗೆ ಮಣ್ಣೆರಚಲು ಆಗಲಿಲ್ಲ.

"ಭಾನುವಾರ ಚೆನ್ನಾಗಿರ್ತೀಯ, ಸೋಮವಾರ ಸೀನ್ತೀಯ. ರಜೆ ಹಾಕಿ ಊರಿಗೆ ಹೋದ್ರೆ ಒಂದು ಸೀನೂ ಇಲ್ಲ. ನಿನ್ನ ನೆಗಡಿಗೂ ಹಾಜರಿ ಹಾಕ್ತಾರಾ ಅಲ್ಲಿ?"

"ಸುಮ್ನಿರಿ ನೀವು. ಧೂಳು ಅಷ್ಟೆ."

"ಯಾವ ಧೂಳು?"

ಅವಳಿಗೆ ಗೊತ್ತಿತ್ತು. ಹಳೆಯ ಪುಸ್ತಕವೊಂದರಲ್ಲಿ, ಈ ಲೋಹ ಶುದ್ಧಿಮಾಡುವ ಕಾರ್ಖಾನೆಗಳ ಕೆಲಸಗಾರರಿಗೆ ಹೀಗಾಗುತ್ತದೆಂದು ಅವಳು ಓದಿದ್ದಳು. ಓದಿದ ಪುಟವನ್ನು ಮುಚ್ಚಿ, ಮೂಗಿಗೆ ಎರಡು ಮಾಸ್ಕು ಒಟ್ಟಿಗೆ ಕಟ್ಟಿಕೊಂಡು, ಬೆಳಗ್ಗೆ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಳು. ಯಾಕೆಂದರೆ ಆ ವರ್ಷವೇ ಒಂದು ಸಂಯುಕ್ತ ಕೈಗೆ ಹತ್ತಿತ್ತು. ನೀರಲ್ಲಿ ಕರಗುತ್ತಿತ್ತು, ತಟ್ಟೆಯಲ್ಲಿ ಬೆಳೆಸಿದ ಗೆಡ್ಡೆಯ ಕೋಶಗಳನ್ನು ಕೊಲ್ಲುತ್ತಿತ್ತು. ಇನ್ನು ಗಿನಿ ಹಂದಿಗಳ ಮೇಲೆ ಪರೀಕ್ಷೆ, ಗೆಡ್ಡೆ ಕರಗುತ್ತದೆಯೇ, ಕಿವಿ ಉಳಿಯುತ್ತದೆಯೇ ಎಂದು. ದಡ ಕಾಣುತ್ತಿರುವಾಗ ಈಜು ಬಿಡುವವರುಂಟೇ?

ಒಂದು ಬೆಳಗ್ಗೆ ತಕ್ಕಡಿಯ ಮುಂದೆ ನಿಂತು ಕೆಂಪು ಲವಣ ತೂಗುತ್ತಿದ್ದಳು. ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಯಾರೋ ಎದೆಯ ಸುತ್ತ ಹಗ್ಗ ಸುತ್ತಿ ಬಿಗಿದ ಹಾಗಾಯಿತು. ಕೈ ಮೇಜಿನ ಅಂಚು ಹುಡುಕಿತು. ಆಗ ಅಲ್ಲಿದ್ದವಳು ಅವಳ ಹಿರಿಯ ಸಂಶೋಧನಾ ವಿದ್ಯಾರ್ಥಿನಿ, ದಪ್ಪ ಗಾಜಿನ ಕನ್ನಡಕದ ಹುಡುಗಿ. ಎಲ್ಲರೂ ಅವಳನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಕನ್ನಡಕ ಹಿಂದೆಮುಂದೆ ನೋಡದೆ ಮೇಡಂನ ಎರಡೂ ಕಂಕುಳಿಗೆ ಕೈಹಾಕಿ ದರದರ ಎಳೆದುಕೊಂಡು ಮೆಟ್ಟಿಲ ಬಳಿಯ ಕಿಟಕಿಗೆ ತಂದು ಕೂರಿಸಿ, ಕಿಟಕಿ ತೆಗೆದು, ಕೆಳಗಿನ ಕಾವಲುಗಾರನಿಗೆ ಗಂಟಲು ಹರಿಯುವ ಹಾಗೆ ಕೂಗಿದಳು.

ಶ್ವಾಸಕೋಶದ ವೈದ್ಯ ಚಿಕ್ಕ ವಯಸ್ಸಿನವನು, ಮಾತು ನಿಧಾನ. ಮೂರು ದಿನ ಬಿಟ್ಟು ಅವಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟ: ಮನೆಯ ಧೂಳು, ಹೂವಿನ ಪರಾಗ, ಬೆಕ್ಕಿನ ಕೂದಲು, ಕೊನೆಗೆ ಪ್ಲಾಟಿನಮ್ ಲವಣವನ್ನು ಬೇಕಾದಷ್ಟು ನೀರಿನಲ್ಲಿ ತೆಳುಮಾಡಿದ ಒಂದು ಹನಿ. ಪ್ರತಿ ಹನಿಯಲ್ಲೂ ಸೂಜಿಮೊನೆ ತಾಗಿಸಿದ. ಮೊದಲ ಮೂರು ಕಡೆ ಏನೂ ಆಗಲಿಲ್ಲ. ಕೊನೆಯದು ಅವರಿಬ್ಬರೂ ನೋಡುತ್ತಿದ್ದಂತೆಯೇ ಸೊಳ್ಳೆ ಕಚ್ಚಿದಂತೆ ಎದ್ದು, ಸುತ್ತ ಕೆಂಪಾಗಿ, ಬಟನ್ನಿನಷ್ಟು ದಪ್ಪವಾಯಿತು.

"ಗೊತ್ತಾಯ್ತಲ್ಲ ಮೇಡಂ."

"ಎಷ್ಟು ದಿನ ದೂರ ಇರಬೇಕು ಡಾಕ್ಟ್ರೇ?"

"ದಿನ ಅಲ್ಲ. ಇದು ಒಂದ್ಸಲ ಮೈಗೆ ಆಗದೆ ಹೋದ್ರೆ ಮತ್ತೆ ಆಗೋದೇ ಇಲ್ಲ. ಆ ಕೋಣೆಗೆ ಇನ್ನು ಕಾಲಿಡಬೇಡಿ. ಅಲ್ಲಿ ಕೆಲಸ ಮಾಡಿದವರ ಕೋಟು ನಿಮ್ಮ ಹತ್ತಿರ ಬರೋದೂ ಬೇಡ." ಸ್ವಲ್ಪ ತಡೆದು ಹೇಳಿದ. "ಇನ್ನೊಂದು. ನಿಮಗೇ ಯಾವತ್ತಾದ್ರೂ ಕ್ಯಾನ್ಸರ್ ಬಂದ್ರೆ, ಈ ಪ್ಲಾಟಿನಮ್ ಔಷಧಿ ಕೊಡೋಕೆ ಯಾರಿಗೂ ಧೈರ್ಯ ಬರಲ್ಲ. ನಿಮ್ಮ ಕಡತದಲ್ಲಿ ಬರೆದಿಡ್ತೀನಿ."

ವಿಭಾಗದ ಮುಖ್ಯಸ್ಥರು ಒಳ್ಳೆಯವರು. ತಾವೇ ಕುರ್ಚಿ ಎಳೆದು ಕೂರಿಸಿದರು.

"ಮೇಡಂ, ಪರೀಕ್ಷಾ ವಿಭಾಗಕ್ಕೆ ಒಬ್ಬ ಅನುಭವಸ್ಥರು ಬೇಕು. ಗಾಳಿ ಬೆಳಕಿನ ಕೋಣೆ. ಪಾಠ ಮಾಡ್ಕೊಂಡು ಆರಾಮಾಗಿರಿ. ನಲವತ್ತು ದಾಟಿದ ಮೇಲೆ ಯಾರು ತಾನೇ ಹೊಸದಾಗಿ ಶುರು ಮಾಡ್ತಾರೆ?"

"ಯೋಚನೆ ಮಾಡ್ತೀನಿ ಸರ್," ಎಂದು ಅವಳು ಎದ್ದು ಬಂದಳು.

ಯೋಚನೆ ಮಾಡಲು ಮನೆಯಲ್ಲಿ ಕೂತಳು. ಕೂತಳು ಎಂದರೆ ಕೂರುವ ಹೆಣ್ಣಲ್ಲ ಅದು. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಚೀಟಿ ಅಂಟಿಸಿದಳು. ಗಂಡನ ಅಂಗಡಿಗೆ ಹೋಗಿ ಕುಲುಮೆಯ ಶಾಖ ಸರಿಯಿಲ್ಲ ಎಂದಳು. ಚಿಕ್ಕಮ್ಮನ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿ, ಅವಳಿಗೆ ಬೇಕಾದ ನೀಲಿ ಬೇಕಾದಾಗ ಸಿಗದ ಹಾಗೆ ಮಾಡಿದಳು. ಮೂರನೇ ದಿನ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

"ಅಳಿಯಂದಿರೇ, ಇವಳನ್ನ ಕೆಲಸಕ್ಕೆ ಕಳಿಸ್ತೀರೋ, ನಾನೇ ಎಲ್ಲಾದ್ರೂ ಹೋಗ್ಲೋ?"

"ಅವಳ ಲೋಹ ಅವಳಿಗೆ ಆಗಲ್ವಂತೆ ಅತ್ತೆ," ಎಂದು ಅವನು ತನ್ನ ಬಾವಿಯ ದನಿಯಲ್ಲಿ ವಿವರಿಸಿದ. ಈ ಸಲ ಏನೂ ಸೇರಿಸಲಿಲ್ಲ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು ಪುಟ್ಟಿಯ ಮುಖ ನೋಡಿದಳು. ಅಳುತ್ತಾಳೆ ಎಂದುಕೊಂಡರೆ ನಗಲು ಶುರುಮಾಡಿದಳು.

"ನನ್ನ ಕಿವಿ ತಿಂದಿದ್ದೂ ಅದೇ, ನಿನ್ನ ಮೂಗು ಕಚ್ಚಿದ್ದೂ ಅದೇನಾ? ಹಾಳಾಗ್ಹೋಗ್ಲಿ ಅದು! ಲೋಕದಲ್ಲಿ ಬೇರೆ ಲೋಹ ಇಲ್ವಾ?"

"ಇವೆ," ಎಂದ ಗಂಡ. "ನನ್ನ ಅಂಗಡೀಲೇ ಬಾಯಿತುಂಬ ಇವೆ."

ಪುಟ್ಟಿಗೆ ರೇಗಿಹೋಯಿತು. ಲೋಹ ಬದಲಿಸುವುದೆಂದರೆ ಅಂಗಿ ಬದಲಿಸಿದ ಹಾಗೆಯೇ? ಒಂದೊಂದು ಲೋಹಕ್ಕೂ ಒಂದೊಂದು ಸ್ವಭಾವ, ಒಂದೊಂದು ಹಟ. ಪ್ಲಾಟಿನಮ್ಮಿನ ಹಟ ಅರ್ಥವಾಗಲು ಅರ್ಧ ಆಯಸ್ಸು ಹಿಡಿದಿತ್ತು. ಇದನ್ನೆಲ್ಲ ಅವಳು ಕೂಗಿ ಕೂಗಿ ಹೇಳಿದಳು. ಚಿಕ್ಕಮ್ಮನಿಗೆ ಒಂದಕ್ಷರ ಕೇಳಲಿಲ್ಲ, ಗಂಡನೂ ದಾಟಿಸಲಿಲ್ಲ. ಆದರೆ ಕೂಗಿ ಮುಗಿಯುವ ಹೊತ್ತಿಗೆ ಅವಳ ತಲೆಯಲ್ಲಿ ಒಂದು ಲೋಹದ ಹೆಸರು ಓಡಾಡತೊಡಗಿತ್ತು. ರುಥೇನಿಯಮ್. ಪ್ಲಾಟಿನಮ್ಮಿನ ದಾಯಾದಿ, ಆದರೆ ಸ್ವಭಾವ ಬೇರೆ. ಎಲ್ಲೆಲ್ಲೋ ಕೆಲವರು ಅದರ ಮೇಲೆ ಕೆಲಸ ಶುರುಮಾಡಿದ್ದರು.

ಮರುದಿನ ಮುಖ್ಯಸ್ಥರ ಮುಂದೆ ನಿಂತಳು.

"ಸರ್, ನೆಲಮಹಡೀಲಿ ಮುರಿದ ಕುರ್ಚಿ ಇಟ್ಟಿದ್ದೀರಲ್ಲ, ಆ ಕೋಣೆ ನನಗೆ ಕೊಡಿ."

"ಅಲ್ಲಿ ನಲ್ಲೀನೂ ಇಲ್ವಲ್ಲ ಮೇಡಂ!"

"ಹಾಕಿಸ್ಕೋತೀನಿ. ಕುರ್ಚಿ ಮಾತ್ರ ನೀವು ತೆಗೆಸಿ."

ಹಳೆಯ ಲ್ಯಾಬಿನಿಂದ ಅವಳು ಒಂದು ಪೆನ್ನನ್ನೂ ತರುವ ಹಾಗಿರಲಿಲ್ಲ. ಎಲ್ಲಿ ಕಣ್ಣಿಗೆ ಕಾಣದ ಧೂಳು ಕೂತಿದೆಯೋ ಯಾರಿಗೆ ಗೊತ್ತು. ಫ್ಲಾಸ್ಕು, ಕೊಳವೆ, ಚಮಚ, ಕೋಟು ಎಲ್ಲ ಹೊಸದಾಗಬೇಕಿತ್ತು. ಆಗಲು ವರ್ಷ ಹಿಡಿಯಿತು. ಮೇಲಿನ ಪ್ಲಾಟಿನಮ್ ಕೆಲಸ ಕನ್ನಡಕಳ ಪಾಲಿಗೆ ಬಂತು. ಇಲಿಯ ಹಾಗೆ ಸದ್ದಿಲ್ಲದೆ ಓಡಾಡಿಕೊಂಡಿದ್ದ ಆ ಹುಡುಗಿ ಒಂದೇ ತಿಂಗಳಲ್ಲಿ ಹಟ ಹಿಡಿದು ಗಾಜಿನ ಗೂಡಿಗೆ ಹೊಸ ಫ್ಯಾನು ಹಾಕಿಸಿದಳು. ಅರ್ಜಿ ಬರೆಯಲಿಲ್ಲ, ದುರಸ್ತಿ ವಿಭಾಗದ ಬಾಗಿಲಲ್ಲಿ ದಿನಾ ಹೋಗಿ ಸುಮ್ಮನೆ ನಿಂತಳು, ಅಷ್ಟೆ. ಪ್ರಯೋಗದ ಫಲ ಬಂದಾಗಲೆಲ್ಲ ಕೋಟು ಕಳಚಿ, ಕೈ ತೊಳೆದು, ಕೆಳಗೆ ಬಂದು, ಮೇಡಂನ ಕೋಣೆಯ ಬಾಗಿಲಿನ ಗಾಜಿಗೆ ಹೊರಗಿನಿಂದ ಹಾಳೆ ಒತ್ತಿ ಹಿಡಿಯುತ್ತಿದ್ದಳು. ಮೇಡಂ ಒಳಗಿನಿಂದ ಓದುತ್ತಿದ್ದಳು. ಮುಂದೇನು ಮಾಡಬೇಕೆಂದು ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು. ದಾರಿಯಲ್ಲಿ ಹೋಗುವವರು ಇವರಿಗೇನೋ ಜಗಳವಾಗಿದೆ ಎಂದುಕೊಳ್ಳುತ್ತಿದ್ದರು.

ಗಿನಿ ಹಂದಿಗಳ ಪರೀಕ್ಷೆ ಮುಗಿದ ದಿನ ಕನ್ನಡಕ ಬಂದಳು. ಹಾಳೆ ಎತ್ತಲಿಲ್ಲ.

"ಏನಾಯ್ತೇ? ಕಿವಿ?"

"ಕಿವಿ ಉಳೀತು ಮೇಡಂ."

"ಮತ್ಯಾಕೆ ಮುಖ ಹಾಗಿದೆ?"

"ಗೆಡ್ಡೆಯೂ ಉಳೀತು."

ಕಿವಿಯನ್ನು ಮುಟ್ಟದ ಸಂಯುಕ್ತ ಮೈಯೊಳಗೆ ಯಾವುದನ್ನೂ ಮುಟ್ಟದೆ ಹಾಗೇ ಮೂತ್ರದಲ್ಲಿ ಹೊರಟುಹೋಗುತ್ತಿತ್ತು. ಅಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮವಾಯಿತು. ಕನ್ನಡಕ ಮೂಗು ಒರೆಸಿಕೊಂಡಳು. ಮೇಡಂ ಗಾಜಿನ ಹತ್ತಿರ ಬಂದಳು.

"ಆಗಿದ್ದನ್ನ ಆದ ಹಾಗೇ ಬರೆದು ಅಚ್ಚಿಗೆ ಕಳಿಸು. ಇನ್ನೊಬ್ಬರು ಇದೇ ದಾರೀಲಿ ಬಂದು ತಲೆ ಚಚ್ಕೊಳ್ಳೋದು ಬೇಡ. ಅದು ಮುಗಿದ ಮೇಲೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಈ ಬಾಗಿಲು ತೆಗೆದು ಒಳಗೆ ಬಾ. ಇಲ್ಲಿ ಕೈ ಬೇಕು."

ರುಥೇನಿಯಮ್ ಅವರನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಮೊದಲ ಎರಡು ವರ್ಷ ಫ್ಲಾಸ್ಕಿನಲ್ಲಿ ಏನು ಹಾಕಿದರೂ ಕಡೆಗೆ ಉಳಿಯುತ್ತಿದ್ದದ್ದು ರಸ್ತೆಗೆ ಸುರಿಯುವ ಡಾಂಬರು. ಮೇಡಂ ಒಂದು ಬೇಸಿಗೆ ರಜೆಯಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ, ತನಗಿಂತ ಹದಿನೈದು ವರ್ಷ ಚಿಕ್ಕವನೊಬ್ಬನ ಲ್ಯಾಬಿನಲ್ಲಿ ಹುಡುಗ ಹುಡುಗಿಯರ ಜೊತೆ ನಿಂತು ಈ ಲೋಹದ ಕೆಲಸ ಕಲಿತಳು. ಅವರು "ಆಂಟಿ, ಅದನ್ನ ಗಾಳಿಗೆ ಬಿಡಬಾರದು," ಎಂದರೆ "ಸರಿಯಪ್ಪ," ಎನ್ನುತ್ತಿದ್ದಳು. ಹಣ ಕೊಡುವ ಸಮಿತಿಯ ಮುಂದೆ ನಿಂತಾಗ ಒಬ್ಬರು ಮೂಗು ಮುರಿದರು. "ಈ ವಯಸ್ಸಲ್ಲಿ ಹೊಸ ಲೋಹ ಯಾಕಮ್ಮ?" "ಹಳೇದು ನನ್ನನ್ನ ಹತ್ತಿರ ಸೇರಿಸ್ತಿಲ್ಲ ಸರ್," ಎಂದಳು. ಎಲ್ಲರೂ ನಕ್ಕರು, ಹಣ ಕೊಡಲಿಲ್ಲ. ಮರುವರ್ಷ ಮತ್ತೆ ಹೋದಳು. ಅದರ ಮರುವರ್ಷವೂ. ಇವಳು ಜಪ್ಪಯ್ಯ ಅಂದರೂ ಬಿಡುವವಳಲ್ಲ ಎಂದು ಗೊತ್ತಾಗಿ ಕೊನೆಗೆ ಅಷ್ಟಿಷ್ಟು ಕೊಟ್ಟರು.

ಅವರ ಸಂಯುಕ್ತದ ಆಕಾರ ಮುಕ್ಕಾಲಿ ಸ್ಟೂಲಿನ ಹಾಗಿತ್ತು. ಮೇಲೆ ಇಂಗಾಲದ ಉಂಗುರವೇ ಪೀಠ, ಅದರ ಕೆಳಗೆ ಲೋಹ, ಲೋಹದಿಂದ ಇಳಿದ ಮೂರು ಕಾಲು. ಒಂದು ಕಾಲು ಗೆಡ್ಡೆಯನ್ನು ತಲುಪಿದ ಮೇಲೆ ಕಳಚಬೇಕು, ಆಗಲೇ ಅದು ಕೆಲಸ ಮಾಡುವುದು. ಆದರೆ ಕಾಲು ದಾರಿಯಲ್ಲೇ, ರಕ್ತದ ನೀರಿನಲ್ಲೇ ಕಳಚಿ ಬೀಳುತ್ತಿತ್ತು. ಆ ಒಂದು ಕಾಲಿನ ಹಿಂದೆ ಮೇಡಂ, ಕನ್ನಡಕ, ಅವರ ನಂತರ ಬಂದ ಹುಡುಗರು ಎಷ್ಟೋ ವರ್ಷ ಸವೆಸಿದರು. ಬಿಗಿ ಮಾಡಿದರೆ ಕಳಚುವುದೇ ಇಲ್ಲ, ಸಡಿಲ ಮಾಡಿದರೆ ನಿಲ್ಲುವುದೇ ಇಲ್ಲ. ಕನ್ನಡಕ ಡಾಕ್ಟರೇಟು ಮುಗಿಸಿ, ಬೇರೆ ಕಡೆ ಹೋಗಿ, ಅದೇ ವಿಭಾಗಕ್ಕೆ ಅಧ್ಯಾಪಕಿಯಾಗಿ ವಾಪಸು ಬಂದಳು. ಬಂದವಳು ಪೆಟ್ಟಿಗೆ ಬಿಚ್ಚುವ ಮೊದಲೇ ಕೇಳಿದ್ದು, "ಕಾಲು ನಿಂತಿತಾ ಮೇಡಂ?"

ನಿಂತದ್ದು ಒಂದು ಸಾಮಾನ್ಯ ಬುಧವಾರ. ಎಲ್ಲ ಪ್ರಯತ್ನದ ಹಾಗೆ ಇದೂ ಒಂದು ಎಂದುಕೊಂಡು ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೇಡಂ ಪಾಠಕ್ಕೆ ಹೋಗಿದ್ದಳು. ಬಂದು ನೋಡಿದರೆ ಗಾಜಿನ ಒಳಗೋಡೆಗೆ ಕಿತ್ತಳೆ ಬಣ್ಣದ ಹರಳುಗಳು, ಸಕ್ಕರೆ ಕಾಳಿನ ಹಾಗೆ ಅಂಚು ಚೂಪು. ನೀರಿಗೆ ಹಾಕಿದರು. ಒಂದು ದಿನ, ಎರಡು ದಿನ, ಒಂದು ವಾರ, ಕಾಲು ಗಟ್ಟಿಯಾಗಿ ನಿಂತಿತ್ತು. ಗೆಡ್ಡೆಯ ಕೋಶದ ಒಳಗಿರುವಂಥ ಹುಳಿ ನೀರಿಗೆ ಹಾಕಿದರು. ಕಳಚಿತು. ಮೇಡಂ ಕುಣಿಯಲಿಲ್ಲ. "ಇನ್ನೊಂದ್ಸಲ ಮಾಡು. ಬೇರೆಯವರ ಕೈಲಿ ಮಾಡಿಸು," ಎಂದಳು. ಮಾಡಿಸಿದರು. ಮತ್ತೆ ಅದೇ ಬಂತು. ಆಗ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದುಕೊಟ್ಟಳು.

ಇಲಿಗಳಲ್ಲಿ ಗೆಡ್ಡೆ ಕುಗ್ಗಿತು. ಗಿನಿ ಹಂದಿಗಳ ಕಿವಿ ಉಳಿಯಿತು, ಮೂತ್ರಪಿಂಡ ಉಳಿಯಿತು. ಯಕೃತ್ತಿಗೆ ಸ್ವಲ್ಪ ಪೆಟ್ಟು ಬಿತ್ತು. ಅದನ್ನೂ ಮೇಡಂ ಎಲ್ಲೂ ಮುಚ್ಚಿಡಲಿಲ್ಲ. ಕ್ಯಾನ್ಸರ್ ಆಸ್ಪತ್ರೆಯವರು ಮನುಷ್ಯರ ಮೇಲೆ ಪರೀಕ್ಷಿಸಲು ಮುಂದೆ ಬಂದರು. ಅದಕ್ಕೆ ಒಪ್ಪಿಗೆ ಕೊಡುವ ಸಮಿತಿ ಸೇರಿದಾಗ ಹಿರಿಯ ವೈದ್ಯರೊಬ್ಬರು ನೇರವಾಗಿ ಕೇಳಿದರು.

"ಇದು ಪ್ಲಾಟಿನಮ್ಮಿಗಿಂತ ಒಳ್ಳೇದು ಅಂತೀರಾ ಮೇಡಂ?"

"ಇಲ್ಲ," ಎಂದಳು ಮೇಡಂ. ಪಕ್ಕದಲ್ಲಿದ್ದ ಕನ್ನಡಕ ಮೇಜಿನ ಕೆಳಗೆ ಅವಳ ಕಾಲು ತುಳಿದಳು. "ಪ್ಲಾಟಿನಮ್ಮು ನಮ್ಮ ಚಿಕ್ಕಮ್ಮನ ಜೀವ ಉಳಿಸಿದೆ. ಅದಕ್ಕಿಂತ ಒಳ್ಳೇದು ಅಂತ ನಾನು ಹೇಳಬೇಕಾದ್ರೆ ಇದು ಮೊದಲು ಯಾರನ್ನಾದ್ರೂ ಉಳಿಸಬೇಕು. ಇದು ಕಿವಿ ಕೆಡಿಸಲ್ಲ ಅಂತ ಮಾತ್ರ ಹೇಳಬಲ್ಲೆ, ಅದೂ ಪ್ರಾಣಿಗಳಲ್ಲಿ. ಉಳಿದಿದ್ದು ನೋಡಿದ ಮೇಲೇ ಗೊತ್ತಾಗೋದು."

ಒಪ್ಪಿಗೆ ಸಿಕ್ಕಿತು.

ಮೊದಲ ಹಂತದಲ್ಲಿ ಔಷಧಿ ತೆಗೆದುಕೊಂಡವರು ಬೇರೆ ಯಾವ ಚಿಕಿತ್ಸೆಯೂ ನಾಟದೆ ಉಳಿದವರು. ಅವರಲ್ಲಿ ಒಬ್ಬರು, ನಿವೃತ್ತ ರೈಲ್ವೆ ಗಾರ್ಡು, ಔಷಧಿ ಮಾಡಿದವರನ್ನು ನೋಡಬೇಕು ಎಂದು ಕೇಳಿದರಂತೆ. ಮೇಡಂ ಹೋದಳು. ಕಿಟಕಿಯ ಪಕ್ಕದ ಹಾಸಿಗೆ, ಕೈಗೆ ಕೊಳವೆ, ಕೊಳವೆಯಲ್ಲಿ ತೆಳು ಕಿತ್ತಳೆ ಬಣ್ಣ.

"ನೀವೇನಾ? ನಾನು ಯಾರೋ ದೊಡ್ಡ ಮೀಸೆ ಗಂಡಸರು ಅಂದ್ಕೊಂಡಿದ್ದೆ."

"ಮೀಸೆ ಬರೋ ವಯಸ್ಸು ಈಗಾಯ್ತು ನೋಡಿ," ಎಂದಳು ಮೇಡಂ. "ಹೇಗಿದೆ ನಿಮಗೆ?"

"ಕರಗಿಲ್ಲ ಅಂತಾರೆ. ಆದ್ರೆ ಬೆಳೆದಿಲ್ಲ. ಇಷ್ಟು ದಿನ ಬೆಳೀತಾನೇ ಇತ್ತು, ಈಗ ಸಿಗ್ನಲ್ ಸಿಗದ ಗಾಡಿ ಹಾಗೆ ನಿಂತಿದೆ." ಅವರು ತಲೆದಿಂಬಿನ ಕಡೆ ತಿರುಗಿ ಸಣ್ಣ ರೇಡಿಯೋ ತೋರಿಸಿದರು. "ರಾತ್ರಿ ಇದನ್ನ ಸಣ್ಣಗೆ ಇಟ್ಕೊಂಡು ಕೇಳ್ತೀನಿ. ಪಕ್ಕದವರಿಗೆ ತೊಂದರೆ ಆಗಬಾರದಲ್ಲ."

ಆ ಗಾಡಿ ಚಳಿಗಾಲದವರೆಗೆ ನಿಂತಿತ್ತು, ಆಮೇಲೆ ಹೊರಟಿತು. ಸುದ್ದಿ ಬಂದ ದಿನ ಮೇಡಂ ಲ್ಯಾಬಿನ ಬಾಗಿಲು ಹಾಕಿಕೊಂಡು ಕೂತಳು. ಇಷ್ಟು ವರ್ಷ ಅವಳು ಕೋಶಗಳ ಸಾವು ಎಣಿಸಿದ್ದಳು, ಇಲಿಗಳ ಸಾವು ಬರೆದಿದ್ದಳು. ರೇಡಿಯೋ ಕೇಳುವ ಮನುಷ್ಯರ ಸಾವನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ. ಗಂಡ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋಗಲು ಬಂದ. ಏನೂ ತಮಾಷೆ ಮಾಡದೆ, ಅವಳ ಚೀಲ ಎತ್ತಿಕೊಂಡು, ಬಸ್ಸು ಬಿಟ್ಟು ಮನೆಯವರೆಗೂ ಜೊತೆಯಲ್ಲಿ ನಡೆದ. ಮರುದಿನ ಅವಳು ಎಂದಿಗಿಂತ ಮೊದಲೇ ಲ್ಯಾಬಿಗೆ ಹೋದಳು.

ಮೊದಲ ಹಂತದ ಫಲ ಬಂತು. ಔಷಧಿಯಿಂದ ಯಾರ ಕಿವಿಗೂ ತೊಂದರೆ ಆಗಿರಲಿಲ್ಲ. ಕೆಲವರಲ್ಲಿ ಗೆಡ್ಡೆ ಕೆಲವು ತಿಂಗಳು ನಿಂತಿತ್ತು, ಕೆಲವರಲ್ಲಿ ಅದರ ಪಾಡಿಗೆ ಬೆಳೆದಿತ್ತು, ಇಬ್ಬರಲ್ಲಿ ಕುಗ್ಗಿತ್ತು. ಯಕೃತ್ತಿನ ಕಾರಣಕ್ಕೆ ಪ್ರಮಾಣ ಹೆಚ್ಚಿಸುವ ಹಾಗಿರಲಿಲ್ಲ. ಎರಡನೇ ಹಂತಕ್ಕೆ ದಾರಿ ತೆರೆಯಿತು. ಈ ಸಲ ಇದನ್ನೂ ಅರ್ಧ ಪ್ರಮಾಣದ ಪ್ಲಾಟಿನಮ್ಮನ್ನೂ ಒಟ್ಟಿಗೆ ಕೊಟ್ಟು ನೋಡುವುದೆಂದಾಯಿತು. ಗಂಡ ಇದನ್ನೆಲ್ಲ ಚಿಕ್ಕಮ್ಮನ ಕಿವಿಯ ಹತ್ತಿರ ಬಾಯಿಟ್ಟು ವಿವರಿಸಿದ. ಚಿಕ್ಕಮ್ಮನಿಗೆ ಈಗ ಎಂಬತ್ತು ದಾಟಿತ್ತು. ಸೂಜಿಗೆ ದಾರ ಪೋಣಿಸಲು ಬೇರೆಯವರು ಬೇಕಿತ್ತು, ಆದರೆ ತುಳಿಯುವ ಕಾಲು ಇನ್ನೂ ಗಟ್ಟಿ.

"ಹಾಗಾದ್ರೆ ಔಷಧಿ ಇನ್ನೂ ಆಗಿಲ್ಲ," ಎಂದಳು.

"ಅರ್ಧ ಆಗಿದೆ ಅತ್ತೆ."

"ಅರ್ಧ ಅಂಗಿ ಯಾರು ಹಾಕ್ಕೋತಾರೆ? ಪೂರ್ತಿ ಮಾಡಲಿ." ಆಮೇಲೆ ಪುಟ್ಟಿಯ ಕಡೆ ತಿರುಗಿ, ಅವಳ ಕೆನ್ನೆಯನ್ನು ಒರಟು ಬೆರಳಿಂದ ಒಮ್ಮೆ ಸವರಿ, ಹೊಲಿಗೆಯ ಮೇಲೆ ಬಗ್ಗಿದಳು.

ಅದೇ ವರ್ಷ ಮೇಡಂ ನಿವೃತ್ತಳಾದಳು. ಹೊಸ ಮುಖ್ಯಸ್ಥರು ಹೊಗಳಿ ಮಾತಾಡಿದರು, ಒಂದು ಗಡಿಯಾರ ಕೊಟ್ಟರು, ನೆಲಮಹಡಿಯ ಕೋಣೆ ತಿಂಗಳೊಳಗೆ ಖಾಲಿಯಾಗಬೇಕೆಂದೂ ಮೆಲ್ಲಗೆ ತಿಳಿಸಿದರು. ಅವಳು ವಾದ ಮಾಡಲಿಲ್ಲ. ಫ್ಲಾಸ್ಕುಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದಳು. ಪೆಟ್ಟಿಗೆ ಹೊತ್ತು ಮೂರು ಬಾಗಿಲು ಆಚೆ, ಕನ್ನಡಕಳ ಲ್ಯಾಬಿಗೆ ಹೋದಳು. ಕನ್ನಡಕ ತನ್ನ ಮೂಲೆಯ ಮೇಜೊಂದನ್ನು ಮೊದಲೇ ಖಾಲಿಮಾಡಿ, ಒರೆಸಿ, ಹೊಸ ಕೋಟು ನೇತುಹಾಕಿ ಇಟ್ಟಿದ್ದಳು.

"ಈ ಮೇಜು ನಿಮ್ದು ಮೇಡಂ. ಪ್ಲಾಟಿನಮ್ಮು ಈ ಕೋಣೆಗೆ ಬರಲ್ಲ, ನಾನು ಗ್ಯಾರಂಟಿ. ಆದ್ರೆ ಲ್ಯಾಬು ನನ್ದು. ಬಾಟಲಿ ಮೇಲೆ ಹೆಸರು ತಾರೀಖು ಬರೀದೇ ಇಟ್ರೆ, ಯಾರದ್ದಾದ್ರೂ ಸರಿ, ಎಸೆದುಬಿಡ್ತೀನಿ."

"ಇದೆಲ್ಲಿಂದ ಕಲಿತೆ ಇಷ್ಟು ಜೋರು?"

"ನೀವು ನನ್ನ ಬಾಟಲಿ ಎಷ್ಟು ಎಸೆದಿದ್ದೀರಾ ಅಂತ ಮರೆತ್ರಾ?"

ಮೇಡಂ ನಕ್ಕು ಕೋಟು ಹಾಕಿಕೊಂಡಳು. ಯಕೃತ್ತನ್ನು ಕಾಡುತ್ತಿರುವುದು ಸ್ಟೂಲಿನ ಪೀಠ, ಅಂದರೆ ಆ ಉಂಗುರ, ಇರಬಹುದೆಂದು ಅವಳಿಗೆ ಕೆಲವು ದಿನಗಳಿಂದ ಅನುಮಾನ. ಪೀಠದ ಅಂಚಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಕಾಲು ಮತ್ತೆ ಸಡಿಲವಾದೀತು. ಆದರೆ ಆಗಲಿ, ಆಮೇಲೆ ಕಾಲು ನೋಡಿಕೊಳ್ಳೋಣ. ರುಥೇನಿಯಮ್ಮಿನ ಕಪ್ಪು ಲವಣವನ್ನು ತೂಗಿದಳು. ಕೈ ನಡುಗದಂತೆ ಮೊ‍ಣಕೈಯನ್ನು ಮೇಜಿಗೆ ಊರಿಕೊಂಡಳು. ದ್ರಾವಣ ಸುರಿದು, ಕಲಕುವ ಯಂತ್ರ ಹಚ್ಚಿ, ಸಣ್ಣ ಕಾವಿನ ಮೇಲಿಟ್ಟಳು. ಆಮೇಲೆ ಒಂದು ಚೀಟಿ ತೆಗೆದುಕೊಂಡು ತನ್ನ ಹೆಸರು, ತಾರೀಖು ಬರೆದು ಫ್ಲಾಸ್ಕಿಗೆ ಅಂಟಿಸಿ, ಕುರ್ಚಿ ಎಳೆದುಕೊಂಡು ಅದರ ಎದುರಿಗೆ ಕೂತಳು.